ಬಿಸಿಲು, ಮಿಂಚು, ಇರುಳು: ನಮ್ಮ ಮೂವರು ಸೂಪರ್‌ಹೀರೋಗಳಲ್ಲಿ ಮೊದಲು ಯಾರನ್ನು ನೋಡಬೇಕು?

ರಾತ್ರಿ ಒಂದು ಗಂಟೆ ದಾಟಿತ್ತು. ಸೆಕೆಂಡ್ ಶೋ ಬಿಟ್ಟು ಹೊರಗೆ ಬಂದರೆ ಮಳೆ ನಿಂತು ರಸ್ತೆಯೆಲ್ಲ ಹೊಳೆಯುತ್ತಿತ್ತು. ಬಾಗಿಲು ಮುಚ್ಚಿದ ಬೇಕರಿ, ಅದರ ಮೆಟ್ಟಿಲ ಮೇಲೆ ಮುದುರಿ ಮಲಗಿದ ನಾಯಿ, ಎದುರಿನ ಅಪಾರ್ಟ್‌ಮೆಂಟಿನಲ್ಲಿ ಒಂದೇ ಒಂದು ಕಿಟಕಿಗೆ ದೀಪ. ಇಷ್ಟು ವರ್ಷ ಓಡಾಡಿದ ಬೆಂಗಳೂರೇ ಅದು. ಆದರೆ ಆವತ್ತು ಬೈಕ್ ತೆಗೆಯೋದು ಬಿಟ್ಟು ಆ ಕಿಟಕಿಯನ್ನೇ ನೋಡುತ್ತಾ ನಿಂತೆ. ಅಲ್ಲಿ ಯಾರಿರಬಹುದು, ಹಗಲಲ್ಲಿ ಹೊರಗೆ ಬರುತ್ತಾರೋ ಇಲ್ಲವೋ ಅಂತ. ಆಗಷ್ಟೇ ನೋಡಿ ಬಂದಿದ್ದ ಸಿನಿಮಾ 'ಲೋಕಾ: ಚಾಪ್ಟರ್ 1 ಚಂದ್ರ'. ಸೂಪರ್‌ಹೀರೋ ಸಿನಿಮಾ ಅಂದರೆ ಎಲ್ಲೋ ದೂರದ ಊರಿನ ಗಗನಚುಂಬಿಗಳ ನಡುವೆ ನಡೆಯುವ ಕತೆ ಅಂತ ಒಪ್ಪಿಕೊಂಡು ಬೆಳೆದವನು ನಾನು. ನಾನು ದಿನಾ ಹಾಲು ತರಲು ಹೋಗುವಂಥ ಬೀದಿಯಲ್ಲಿ ಅದು ನಡೆಯಬಹುದು ಅನ್ನಿಸಿದ್ದು ಆವತ್ತೇ ಮೊದಲು.

ಅದಾದ ಮೇಲೆ ಸಿಕ್ಕವರಿಗೆಲ್ಲ ಹೇಳುತ್ತಲೇ ಇದ್ದೇನೆ. ಹೇಳಿದಾಗೆಲ್ಲ ವಾಪಸ್ ಬರುವ ಪ್ರಶ್ನೆ ಒಂದೇ: "ಮಿನ್ನಲ್ ಮುರಳಿ ಇನ್ನೂ ನೋಡಿಲ್ಲ, ಹನುಮಾನ್ ಕೂಡ ಬಾಕಿ ಇದೆ. ಮೂರರಲ್ಲಿ ಯಾವುದನ್ನ ಮೊದಲು ನೋಡೋದು?" ಭಾನುವಾರದ ಒಂದು ಸಂಜೆ ಮಾತ್ರ ಸಿಗುವವರು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಬೇಕಾದವರು, ಅಪ್ಪ ಅಮ್ಮನಿಗೂ ಹಿಡಿಸಬೇಕು ಅನ್ನುವವರು, ಎಲ್ಲರೂ ಕೇಳಿದ್ದಾರೆ. ಮೂರನ್ನೂ ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಬೇರೆ ಬೇರೆ ಜನರ ಜೊತೆ ಕೂತು ನೋಡಿದ್ದೇನೆ. ಅದನ್ನೆಲ್ಲ ಇಲ್ಲಿ ಸೇರಿಸಿ ಬರೆಯುತ್ತಿದ್ದೇನೆ. ಕತೆಯ ಗುಟ್ಟುಗಳನ್ನು ಸಾಧ್ಯವಾದಷ್ಟು ಬಚ್ಚಿಟ್ಟಿದ್ದೇನೆ. ಎರಡು ಮೂರು ಕಡೆ ಹೇಳದೆ ಗತಿಯಿಲ್ಲ, ಅಲ್ಲಿ ಮೊದಲೇ ಎಚ್ಚರಿಸುತ್ತೇನೆ.

ಮೊದಲು ಮೂರರ ಪರಿಚಯ ಬೇಗ ಮುಗಿಸೋಣ. 'ಮಿನ್ನಲ್ ಮುರಳಿ' ಮಲಯಾಳಂ ಸಿನಿಮಾ, ನಿರ್ದೇಶಕ ಬೇಸಿಲ್ ಜೋಸೆಫ್. 2021ರ ಡಿಸೆಂಬರ್ 24ರಂದು ನೇರವಾಗಿ ನೆಟ್‌ಫ್ಲಿಕ್ಸ್‌ಗೆ ಬಂತು. 'ಹನುಮಾನ್' ತೆಲುಗು, ಪ್ರಶಾಂತ್ ವರ್ಮಾ ನಿರ್ದೇಶನ, 2024ರ ಸಂಕ್ರಾಂತಿಗೆ ಜನವರಿ 12ರಂದು ತೆರೆ ಕಂಡಿತು. 'ಲೋಕಾ' ಮತ್ತೆ ಮಲಯಾಳಂ, ಡೊಮಿನಿಕ್ ಅರುಣ್ ನಿರ್ದೇಶನ, ದುಲ್ಕರ್ ಸಲ್ಮಾನ್ ಅವರ ವೇಫೇರರ್ ಫಿಲ್ಮ್ಸ್ ನಿರ್ಮಾಣ, 2025ರ ಆಗಸ್ಟ್ 28ರಂದು ಓಣಂ ಹೊತ್ತಿಗೆ ಬಂತು. ಮೂರೂ ಎರಡೂವರೆ ಗಂಟೆ ಆಸುಪಾಸಿನವು. ಹಾಲಿವುಡ್‌ನ ದುಡ್ಡಿನ ಮುಂದೆ ಚಿಲ್ಲರೆ ಅನ್ನಿಸುವಷ್ಟು ಖರ್ಚಿನಲ್ಲಿ ಆದ ಸಿನಿಮಾಗಳು. ಲೋಕಾಗೆ ಆದದ್ದು ಸುಮಾರು 30 ಕೋಟಿ ಎಂದು ವರದಿಯಾಗಿತ್ತು, ಗಳಿಕೆ 300 ಕೋಟಿ ಮುಟ್ಟಿತು. ಹೆಣ್ಣುಮಗಳೊಬ್ಬಳು ಮುಖ್ಯ ಪಾತ್ರದಲ್ಲಿರುವ ದಕ್ಷಿಣದ ಸಿನಿಮಾಕ್ಕೆ ಇಷ್ಟು ಜನ ಬಂದರಲ್ಲ ಅನ್ನುವುದು ನನಗೆ ಆ ಅಂಕಿಗಿಂತ ದೊಡ್ಡ ಸಂತೋಷ.

ಮೂರಕ್ಕೂ ಒಂದು ನಂಟಿದೆ, ಎರಡನೇ ಸಲ ನೋಡುವಾಗ ಹೊಳೆದದ್ದು. 'ಹನುಮಾನ್' ನಾಯಕ ಹನುಮಂತುವಿನ ಶಕ್ತಿ ಇರುವುದು ಒಂದು ಮಣಿಯಲ್ಲಿ. ಬಿಸಿಲು ಆ ಮಣಿಯನ್ನು ಹಾದು ಬಂದಾಗ ಮಾತ್ರ ಅವನು ಬಲಶಾಲಿ, ಸೂರ್ಯ ಮುಳುಗಿದರೆ ಮಾಮೂಲಿ ಹುಡುಗ. ಮುರಳಿಗೆ ಶಕ್ತಿ ಬಂದದ್ದು ಸಿಡಿಲು ಬಡಿದು. ಚಂದ್ರಳಿಗೆ ಬಿಸಿಲೇ ಶತ್ರು, ಅವಳ ಲೋಕ ತೆರೆಯುವುದು ಕತ್ತಲಾದ ಮೇಲೆ. ನಿಮಗೆ ಯಾವುದು ಹಿಡಿಸುತ್ತದೆ ಅನ್ನುವುದಕ್ಕೂ ಇದು ಸುಳಿವು. ಹನುಮಾನ್ ಹಗಲಿನಷ್ಟೇ ನಿಚ್ಚಳವಾದ ಸಿನಿಮಾ, ಒಳ್ಳೆಯದು ಒಂದು ಕಡೆ, ಕೆಟ್ಟದ್ದು ಇನ್ನೊಂದು ಕಡೆ. ಮಿನ್ನಲ್ ಮುರಳಿ ನಗಿಸುತ್ತಾ ನಗಿಸುತ್ತಾ ಇದ್ದಕ್ಕಿದ್ದಂತೆ ಎದೆಗೆ ಬಡಿಯುತ್ತದೆ. ಲೋಕಾದಲ್ಲಿ ಕಣ್ಣು ಕತ್ತಲೆಗೆ ಒಗ್ಗುವ ತನಕ ಸ್ವಲ್ಪ ಕಾಯಬೇಕು.

ನನ್ನ ಆಯ್ಕೆ ಲೋಕಾ. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ನೀವು ತೂಗಿ ನೋಡಬಹುದು.

ಲೋಕಾ: ಯಕ್ಷಿ ಬೆಂಗಳೂರಿಗೆ ಬಂದರೆ

ಚಂದ್ರ (ಕಲ್ಯಾಣಿ ಪ್ರಿಯದರ್ಶನ್) ಬೆಂಗಳೂರಿಗೆ ಬಂದು ಒಂದು ಫ್ಲ್ಯಾಟ್‌ನಲ್ಲಿ ಉಳಿದುಕೊಳ್ಳುತ್ತಾಳೆ. ಎದುರುಗಡೆ ಸನ್ನಿ (ನಸ್ಲೆನ್) ಮತ್ತು ಅವನ ಇಬ್ಬರು ಗೆಳೆಯರು. ಕೆಲಸ ಕಾರ್ಯ ಅಷ್ಟಕ್ಕಷ್ಟೇ ಇರುವ, ರೂಮ್‌ಮೇಟ್‌ಗಳಾಗಿ ಬದುಕುವ ಹುಡುಗರು. ಈ ಊರಿನಲ್ಲಿ ಬಾಡಿಗೆಗೆ ಇದ್ದವರಿಗೆಲ್ಲ ಪರಿಚಯದ ಮುಖಗಳು. ಎದುರು ಮನೆಯ ಹುಡುಗಿ ರಾತ್ರಿ ಮಾತ್ರ ಯಾಕೆ ಹೊರಗೆ ಹೋಗುತ್ತಾಳೆ ಅನ್ನುವ ಕುತೂಹಲದಿಂದ ಕತೆ ಬಿಚ್ಚಿಕೊಳ್ಳುತ್ತದೆ. ಅವಳು ಕಳ್ಳಿಯಂಕಾಟ್ಟು ನೀಲಿ. ಕೇರಳದ ಐತಿಹ್ಯಗಳಲ್ಲಿ ಬರುವ ಯಕ್ಷಿ. ಇದು ಗುಟ್ಟಲ್ಲ, ಪ್ರಚಾರದಲ್ಲೇ ಹೇಳಿದ್ದರು.

ನೀಲಿಯ ಹೆಸರು ನಮಗೆ ಹೊಸದು, ಆದರೆ ಅವಳ ಜಾಡು ನಮಗೆ ಗೊತ್ತು. ಕತ್ತಲ ದಾರಿಯಲ್ಲಿ ಒಬ್ಬನೇ ಹೋಗುವ ಗಂಡಸಿನ ಹತ್ತಿರ ವೀಳ್ಯಕ್ಕೆ ಸುಣ್ಣ ಕೇಳುವ ಚೆಲುವೆ ಅಲ್ಲಿ ಯಕ್ಷಿ, ನಮ್ಮ ಹಳ್ಳಿಗಳಲ್ಲಿ ಮೋಹಿನಿ. ಬೆಂಗಳೂರಿಗಂತೂ ತನ್ನದೇ ಕತೆ ಇದೆ. 90ರ ದಶಕದಲ್ಲಿ ಮನೆ ಮನೆಯ ಗೋಡೆ, ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರು. ರಾತ್ರಿ ಬಂದು ಮನೆಯವರದೇ ದನಿಯಲ್ಲಿ ಕರೆಯುವ ದೆವ್ವ ಅದನ್ನು ಓದಿಕೊಂಡು ವಾಪಸ್ ಹೋಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಓದುತ್ತದೆ ಅಂತ ನಂಬಿಕೆ. ನಮ್ಮಮ್ಮ ನಮ್ಮ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಬರೆದಿದ್ದರು, ಮಳೆಗೆ ಅಳಿಸಿದಾಗೆಲ್ಲ ಮತ್ತೆ ತಿದ್ದುತ್ತಿದ್ದರು. 'ಬಾ' ಅಕ್ಷರದ ಬಾಲ ಸ್ವಲ್ಪ ಉದ್ದ ಇರುತ್ತಿತ್ತು. ಅದನ್ನು ದಾಟಿ ಕತ್ತಲಲ್ಲಿ ಬಚ್ಚಲುಮನೆಗೆ ಹೋಗಲು ನನಗೆ ಕೈಕಾಲು ನಡುಗುತ್ತಿತ್ತು. ಲೋಕಾ ನೋಡುವಾಗ ನೆನಪಾದದ್ದು ಅದೇ ಬಾಗಿಲು. ಹೊರಗೆ ನಿಂತು ಕರೆಯುವವಳಿಗೂ ಒಂದು ಕತೆ ಇರಬಹುದು, ಯಾರೋ ಅವಳಿಗೆ ಮೊದಲು ಬಾಗಿಲು ಮುಚ್ಚಿರಬಹುದು ಅಂತ ಚಿಕ್ಕವನಿದ್ದಾಗ ನನಗೆ ಯಾರೂ ಹೇಳಿರಲಿಲ್ಲ.

ಸಿನಿಮಾ ಅದನ್ನೇ ಹೇಳುತ್ತದೆ. ಕೊಟ್ಟಾರತ್ತಿಲ್ ಶಂಕುಣ್ಣಿ ಸಂಗ್ರಹಿಸಿದ 'ಐತಿಹ್ಯಮಾಲ'ದಲ್ಲಿ ಕಡಮಟ್ಟತ್ತು ಕತ್ತನಾರ್ ಎಂಬ ಪಾದ್ರಿ ಮಂತ್ರಶಕ್ತಿಯಿಂದ ಯಕ್ಷಿಯನ್ನು ಹದ್ದುಬಸ್ತಿಗೆ ತರುತ್ತಾನೆ. ಯಕ್ಷಿ ಅಂದರೆ ಅಲ್ಲಿ ಪಳಗಿಸಬೇಕಾದ ಪಿಡುಗು. ಡೊಮಿನಿಕ್ ಅರುಣ್ ಮತ್ತು ಬರವಣಿಗೆಯಲ್ಲಿ ಜೊತೆಯಾದ ಶಾಂತಿ ಬಾಲಚಂದ್ರನ್ ಅದನ್ನು ತಿರುಗಿಸಿ ಹಾಕಿದ್ದಾರೆ. ಇಲ್ಲಿ ನೀಲಿ ಕಾಡಿನ ಹಾಡಿಯೊಂದರ ಪುಟ್ಟ ಹುಡುಗಿ. ಅವಳ ಜನಕ್ಕೆ ದೇವಸ್ಥಾನದ ಬಾಗಿಲು ಮುಚ್ಚಿದೆ. ರಾಜನ ಸೈನಿಕರು ಹಾಡಿಯ ಮೇಲೆ ಬೀಳುತ್ತಾರೆ. ಆ ಫ್ಲ್ಯಾಶ್‌ಬ್ಯಾಕ್‌ನಲ್ಲಿ ಬಾಲ್ಯದ ನೀಲಿಯಾಗಿರುವ ದುರ್ಗಾ ವಿನೋದ್ ಎಂಬ ಹುಡುಗಿಯನ್ನು ನೋಡಿ. ಅವಳ ಕಣ್ಣಲ್ಲಿ ಹೆದರಿಕೆ ಹೋಗಿ ಬೇರೆ ಏನೋ ಬಂದು ಕೂರುವ ಗಳಿಗೆ ಇದೆಯಲ್ಲ, ನನ್ನ ಮಟ್ಟಿಗೆ ಇಡೀ ಸಿನಿಮಾದ ಉಸಿರು ಅದು. ಹೊಡೆದಾಟದ ಯಾವ ದೃಶ್ಯವೂ ಅದಕ್ಕೆ ಸಮ ಬರಲ್ಲ.

ಕಲ್ಯಾಣಿ ಬಗ್ಗೆ ಒಂದು ಮಾತು. ಇಷ್ಟು ದಿನ ಅವರು ಮಾಡಿದ್ದರಲ್ಲಿ ಹೆಚ್ಚಿನವು ನಗುಮುಖದ, ಲವಲವಿಕೆಯ ಪಾತ್ರಗಳು. ಇಲ್ಲಿ ಮಾತು ಕಡಿಮೆ. ಎಷ್ಟೋ ಕಾಲ ಬದುಕಿ ಸುಸ್ತಾದವಳ ನಿಧಾನ ಅವರ ನಡಿಗೆಯಲ್ಲಿದೆ. ಯಾನಿಕ್ ಬೆನ್ ಹೊಂದಿಸಿದ ಹೊಡೆದಾಟಗಳಲ್ಲಿ ಅವರ ದೇಹ ಹಗುರಾಗಿ ಹಾರುವುದಿಲ್ಲ, ತೂಕ ಇಟ್ಟೇ ಹೊಡೆಯುತ್ತದೆ. ನಿಮಿಷ್ ರವಿ ಛಾಯಾಗ್ರಹಣ ಕತ್ತಲನ್ನು ಕತ್ತಲಾಗಿಯೇ ಬಿಟ್ಟು ಅದರೊಳಗೆ ಕೆಂಪು ಬೆಳಕು ಸುರಿಯುತ್ತದೆ. ಜೇಕ್ಸ್ ಬಿಜಾಯ್ ಸಂಗೀತ ಥಿಯೇಟರ್ ಸೀಟನ್ನೇ ನಡುಗಿಸಿತ್ತು. ಇಷ್ಟು ಕಡಿಮೆ ದುಡ್ಡಿನಲ್ಲಿ ಇದನ್ನೆಲ್ಲ ಹೇಗೆ ಮಾಡಿದರು ಅಂತ ಈಗಲೂ ಬೆರಗು.

ಕೊರತೆ ಇಲ್ಲವೇ? ಇದೆ, ನನಗೆ ನೋವಾದದ್ದೂ ಇದೆ. ಖಳನ ಹೆಸರು ಇನ್ಸ್‌ಪೆಕ್ಟರ್ ನಾಚಿಯಪ್ಪ ಗೌಡ. ಹೆಂಗಸರೆಂದರೆ ಅಸಡ್ಡೆ ಇರುವ, ಲಂಚಕೋರ ಪೊಲೀಸ್. ಆ ಪಾತ್ರದ ಬಾಯಲ್ಲಿ ಬೆಂಗಳೂರಿನ ಹೆಣ್ಣುಮಕ್ಕಳ ನಡತೆಯನ್ನು ಹೀಗಳೆಯುವ ಒಂದು ಮಾತಿತ್ತು. ಅದು ಕೆಟ್ಟವನ ಮಾತು, ಸಿನಿಮಾದ ಮಾತಲ್ಲ ಅನ್ನುವುದು ನನಗೆ ಅರ್ಥವಾಗುತ್ತದೆ. ಹಾಗಿದ್ದರೂ ನಮ್ಮ ಊರಿನ ಥಿಯೇಟರ್‌ನಲ್ಲಿ, ನಮ್ಮ ಅಕ್ಕತಂಗಿಯರು ಕೂತಿರುವಾಗ ಕೇಳಲು ಕಷ್ಟವಾಯಿತು. ಇಲ್ಲಿ ವಿರೋಧ ಬಂದ ಮೇಲೆ ನಿರ್ಮಾಣ ಸಂಸ್ಥೆ ಕ್ಷಮೆ ಕೇಳಿ, ಆ ಮಾತನ್ನು ತೆಗೆಯುವುದಾಗಿ ಹೇಳಿತು. ಮುಚ್ಚಿಡದೆ ತಪ್ಪೊಪ್ಪಿಕೊಂಡದ್ದು ಒಳ್ಳೆಯದಾಯಿತು. ಇನ್ನೊಂದು ಕೊರಗು ಉಳಿದೇ ಇದೆ. ಆ ಪಾತ್ರ ಮಾಡಿದ ಸ್ಯಾಂಡಿ ತಮಿಳಿನ ನೃತ್ಯ ನಿರ್ದೇಶಕರು, ನಟನೆ ಬೆಚ್ಚಿಬೀಳಿಸುವಷ್ಟು ಚೆನ್ನಾಗಿದೆ, ಅವರ ಮೇಲೆ ದೂರಿಲ್ಲ. ಆದರೆ ಕತೆ ಬೆಂಗಳೂರಿನದು, ಪಾತ್ರದ ಹೆಸರಲ್ಲಿ ಗೌಡ ಇದೆ. ಒಬ್ಬ ಕನ್ನಡದ ನಟ, ಇಲ್ಲಿನ ಠಾಣೆಯಲ್ಲಿ ಕೇಳಿಸುವಂಥ ಕನ್ನಡ ಇದ್ದಿದ್ದರೆ ಆ ಹೆದರಿಕೆ ಇನ್ನೂ ಹತ್ತಿರ ಬರುತ್ತಿತ್ತು. ಚಂದ್ರ ಬಂದಿಳಿದ ಊರಿನ ನಾಡಿ ಸಿನಿಮಾಕ್ಕೆ ಸಿಕ್ಕಿದೆ, ಊರಿನ ನಾಲಗೆ ಅಷ್ಟಾಗಿ ಸಿಕ್ಕಿಲ್ಲ.

ದ್ವಿತೀಯಾರ್ಧದಲ್ಲಿ ಮುಂದಿನ ಅಧ್ಯಾಯಗಳಿಗೆ ಬೀಜ ಬಿತ್ತುವ ಆತುರವೂ ಕಾಣುತ್ತದೆ. ಹೊಸ ಮುಖಗಳು ಬಂದು ಹೋಗುತ್ತವೆ. ಥಿಯೇಟರಿನಲ್ಲಿ ಶಿಳ್ಳೆಯ ನಡುವೆ ಅದು ಹಬ್ಬ. ಮನೆಯಲ್ಲಿ ಒಬ್ಬರೇ ಕೂತು ನೋಡುವಾಗ ಕತೆ ಸ್ವಲ್ಪ ಪಕ್ಕಕ್ಕೆ ಸರಿದಂತೆ ಅನ್ನಿಸಬಹುದು.

ಮಿನ್ನಲ್ ಮುರಳಿ: ಖಳನೇ ಗೆದ್ದ ಸಿನಿಮಾ

ಇಲ್ಲಿಂದ ಎರಡು ಪ್ಯಾರಾ ಕತೆಯ ಒಂದು ತಿರುವನ್ನು ಮುಟ್ಟುತ್ತೇನೆ. ಏನೂ ತಿಳಿಯದೆ ನೋಡಬೇಕು ಅನ್ನುವವರು ಹನುಮಾನ್ ಭಾಗಕ್ಕೆ ಹೋಗಿ.

ಕುರುಕ್ಕನ್‌ಮೂಲ ಅನ್ನುವ ಕಾಲ್ಪನಿಕ ಊರು, 90ರ ದಶಕ. ಜೈಸನ್ (ಟೊವಿನೊ ಥಾಮಸ್) ಟೈಲರ್. ಅಮೆರಿಕಕ್ಕೆ ಹೋಗಬೇಕು ಅನ್ನುವ ಆಸೆ ಬಿಟ್ಟರೆ ಬೇರೆ ಗುರಿಯಿಲ್ಲದ ಹುಡುಗ. ಕ್ರಿಸ್‌ಮಸ್ ಹೊತ್ತಿನ ಒಂದು ರಾತ್ರಿ ಅವನಿಗೆ ಸಿಡಿಲು ಬಡಿಯುತ್ತದೆ. ಅದೇ ರಾತ್ರಿ ಇನ್ನೊಬ್ಬನಿಗೂ ಬಡಿಯುತ್ತದೆ: ಚಹಾ ಅಂಗಡಿಯಲ್ಲಿ ದುಡಿಯುವ ಶಿಬು. ಅವನನ್ನು ಊರು ಹುಚ್ಚನೆಂದೇ ಪಕ್ಕಕ್ಕೆ ಸರಿಸಿದೆ. ಸೂಪರ್‌ಹೀರೋಗಳ ಬಗ್ಗೆ ಜೈಸನ್‌ಗೆ ಪಾಠ ಹೇಳುವುದು ಕಾಮಿಕ್ಸ್ ಓದುವ ಮನೆಯ ಚಿಕ್ಕ ಹುಡುಗ. ಮುಖಕ್ಕೆ ಬಟ್ಟೆ ಸುತ್ತಿ, ಮುಂಡು ಎತ್ತಿ ಕಟ್ಟಿಕೊಂಡು, ಮಿನ್ನಲ್ ಮುರಳಿ ಅನ್ನುವ ಹೆಸರಿನಲ್ಲಿ ಹೊಡೆಯಲು ಹೊರಡುವ ಈ ನಾಯಕ ನಮ್ಮ ಯಾವ ಊರಿನಲ್ಲಿ ಬೇಕಾದರೂ ಇರಬಹುದು. ಬೇಸಿಲ್ ಜೋಸೆಫ್ ಇಲ್ಲಿ ಎಲ್ಲವನ್ನೂ ಊರಿನ ಅಳತೆಗೇ ಹೊಲಿದಿದ್ದಾರೆ, ಟೈಲರ್ ಕತೆಗೆ ತಕ್ಕ ಹಾಗೆ.

ಆದರೆ ಸಿನಿಮಾ ಶಿಬುವಿನದು. ಗುರು ಸೋಮಸುಂದರಂ ಚೆನ್ನೈನ ಕೂತ್ತುಪ್ಪಟ್ಟರೈ ರಂಗತಂಡದಲ್ಲಿ ಪಳಗಿದ ನಟ. ಒಂದು ದೃಶ್ಯವಿದೆ. ವರ್ಷಗಟ್ಟಲೆ ಮನಸ್ಸಲ್ಲೇ ಇಟ್ಟುಕೊಂಡ ಪ್ರೀತಿಯನ್ನು ಶಿಬು ಉಷಾಳ ಮುಂದೆ ಹೇಳುತ್ತಾನೆ. ಅವಳು ಒಪ್ಪುತ್ತಾಳೆ. ಆಗ ಅವನ ಮುಖ ಅಳುತ್ತದೆ, ನಗುತ್ತದೆ, ಎರಡರಲ್ಲಿ ಯಾವುದು ಅಂತ ಅವನಿಗೇ ಗೊತ್ತಿಲ್ಲ. ಕ್ಯಾಮೆರಾ ಆ ಮುಖದಿಂದ ಆಚೆ ಹೋಗಲು ಮನಸ್ಸಿಲ್ಲದ ಹಾಗೆ ನಿಲ್ಲುತ್ತದೆ. ಆ ಹೊತ್ತಿಗೆ ಅವನು ಏನೇನು ಮಾಡಿದ್ದಾನೆ ಅನ್ನುವುದು ನಮಗೆ ಗೊತ್ತು, ಆದರೂ ಅವನಿಗೆ ಒಳ್ಳೆಯದಾಗಲಿ ಅಂತ ಬೇಡಿಕೊಳ್ಳುತ್ತೇವೆ. ಆಮೇಲೆ ಊರು ಅವನ ಮನೆಗೆ ಬೆಂಕಿ ಇಡುತ್ತದೆ.

ಇಲ್ಲಿ ನನಗೆ ಲೋಕಾದ ನೀಲಿ ನೆನಪಾಗುತ್ತಾಳೆ. ನೀಲಿ ಮತ್ತು ಶಿಬು ಒಂದೇ ಗಾಯದ ಇಬ್ಬರು ಮಕ್ಕಳು. ಇಬ್ಬರನ್ನೂ ಸುತ್ತಲಿನವರು ಹೊರಗಿಟ್ಟರು, ಇಬ್ಬರ ಪ್ರೀತಿಪಾತ್ರರನ್ನೂ ಕಿತ್ತುಕೊಂಡರು, ಇಬ್ಬರಿಗೂ ಶಕ್ತಿ ಬಂತು. ಒಂದು ಸಿನಿಮಾ ಅಂಥವನನ್ನು ಖಳನನ್ನಾಗಿ ಮಾಡಿ ನಮ್ಮನ್ನು ಅಳಿಸಿತು. ಇನ್ನೊಂದು ಅಂಥವಳನ್ನು ನಾಯಕಿಯಾಗಿ ಮಾಡಿ, ಐತಿಹ್ಯ ಹೇಳಿದವರು ಯಾರ ಪರವಾಗಿ ಹೇಳಿದರು ಅಂತ ಕೇಳಿತು. ಲೋಕಾವನ್ನು ನಾನು ಒಂದು ಮೆಟ್ಟಿಲು ಮೇಲಿಡುವುದು ಇದೇ ಕಾರಣಕ್ಕೆ. ಬರವಣಿಗೆಯ ಬಿಗಿ ನೋಡಿದರೆ ಮಿನ್ನಲ್ ಮುರಳಿಯೇ ಮುಂದೆ, ಅದರಲ್ಲಿ ಎರಡು ಮಾತಿಲ್ಲ. ಪ್ರತಿ ಚಿಕ್ಕ ಪಾತ್ರಕ್ಕೂ ಒಂದು ಕೆಲಸವಿದೆ, ಪ್ರತಿ ತಮಾಷೆಯೂ ಮುಂದೆಲ್ಲೋ ಕತೆಗೆ ವಾಪಸ್ ಬರುತ್ತದೆ. ಲೋಕಾಗೆ ಆ ಶಿಸ್ತು ಇಲ್ಲ. ಲೋಕಾಗೆ ಇರುವುದು ಧೈರ್ಯ.

ಮಿನ್ನಲ್ ಮುರಳಿ ಪಟ್ಟ ಪಾಡೂ ಹೇಳಬೇಕು. ಕಾಲಡಿಯಲ್ಲಿ ಪೆರಿಯಾರ್ ದಡದ ಮೇಲೆ ಹಾಕಿದ್ದ ಚರ್ಚ್ ಸೆಟ್ಟನ್ನು 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ, ಕೆಲವರು ನುಗ್ಗಿ ಒಡೆದು ಹಾಕಿದ್ದರು. ಆಮೇಲೆ ಕೋವಿಡ್‌ನಿಂದಾಗಿ ಥಿಯೇಟರ್ ಭಾಗ್ಯವೂ ಸಿಗಲಿಲ್ಲ. ಕಣಿವೆಯ ಅಂಚಿನಲ್ಲಿ ನೇತಾಡುವ ಬಸ್ಸಿನ ದೃಶ್ಯವನ್ನು ಸಾವಿರ ಜನರ ಜೊತೆ ಕೂತು ನೋಡುವ ಅವಕಾಶ ನಮಗೆ ತಪ್ಪಿಹೋಯಿತಲ್ಲ ಅಂತ ಈಗಲೂ ಸಂಕಟವಾಗುತ್ತದೆ.

ಹನುಮಾನ್: ಅಮ್ಮ ನೆಲಕ್ಕಿಳಿದು ಕೂತ ಸಿನಿಮಾ

ಅಂಜನಾದ್ರಿ ಅಂದರೆ ನಮಗೆ ಗಂಗಾವತಿ ಹತ್ತಿರದ ಆನೆಗುಂದಿಯ ಬೆಟ್ಟ, 575 ಮೆಟ್ಟಿಲು, ಮೇಲೆ ಆಂಜನೇಯ, ಕೆಳಗೆ ತುಂಗಭದ್ರೆ. ಸಿನಿಮಾದ ಅಂಜನಾದ್ರಿ ಅದಲ್ಲ, ಅದೊಂದು ಕಲ್ಪನೆಯ ಊರು. ಆದರೆ ಬೆಟ್ಟದಷ್ಟೆತ್ತರದ ಹನುಮನ ವಿಗ್ರಹದ ನೆರಳಿನಲ್ಲಿ ಬದುಕುವ ಹಳ್ಳಿಯನ್ನು ನೋಡಿದಾಗ ಕನ್ನಡದವರಿಗೆ ತಮ್ಮ ಬೆಟ್ಟ ಕಣ್ಣಮುಂದೆ ಬರದೇ ಇರದು. ಹನುಮಂತು (ತೇಜಾ ಸಜ್ಜಾ) ಸಣ್ಣಪುಟ್ಟ ಕಳ್ಳತನ ಮಾಡಿಕೊಂಡು ಅಕ್ಕ ಅಂಜಮ್ಮನ (ವರಲಕ್ಷ್ಮಿ ಶರತ್‌ಕುಮಾರ್) ಆಸರೆಯಲ್ಲಿರುವ ಹುಡುಗ. ಬಾಲ ಹನುಮ ಸೂರ್ಯನನ್ನು ಹಣ್ಣೆಂದು ಹಾರಿದಾಗ ಇಂದ್ರನ ವಜ್ರಾಯುಧದ ಏಟಿಗೆ ಬಿದ್ದ ರಕ್ತದ ಹನಿ ಮಣಿಯಾಯಿತು, ಆ ಮಣಿ ಇವನ ಕೈ ಸೇರಿತು. ಹಳೆಯ ಕತೆಯಿಂದ ಹೊಸ ಶಕ್ತಿಗೆ ಹಾಕಿದ ಈ ಗಂಟು ನನಗೆ ಬಹಳ ಇಷ್ಟ. ಊರಿನ ಪಾಳೇಗಾರ ಗಜಪತಿಯಾಗಿ ನಮ್ಮ ರಾಜ್ ದೀಪಕ್ ಶೆಟ್ಟಿ ಇದ್ದಾರೆ, ಅವರ ಜೊತೆಗಿನ ಅಖಾಡದ ಜಗಳ ಸಿನಿಮಾದ ಗಟ್ಟಿ ಭಾಗಗಳಲ್ಲೊಂದು.

ಖಳನ ವಿಷಯದಲ್ಲಿ ಮಾತ್ರ ಹನುಮಾನ್ ಕೈಗೆ ಬಂದ ತುತ್ತನ್ನು ಬಿಟ್ಟಿದೆ. ಶುರುವಾಗುವುದು ಅದ್ಭುತವಾಗಿ: ಸೂಪರ್‌ಹೀರೋ ಆಗಲೇಬೇಕು ಅನ್ನುವ ಹುಚ್ಚು ಹಿಡಿದ ಚಿಕ್ಕ ಹುಡುಗ, ಕಾಮಿಕ್ಸ್‌ನ ಹೀರೋಗಳಿಗೆ ಅಪ್ಪ ಅಮ್ಮ ಇರುವುದಿಲ್ಲ ಎಂದು ತನ್ನ ಅಪ್ಪ ಅಮ್ಮನನ್ನೇ ಇಲ್ಲವಾಗಿಸುತ್ತಾನೆ. ಮೈ ಜುಮ್ಮೆನ್ನುವ ಆರಂಭ. ಅವನು ದೊಡ್ಡವನಾಗಿ ಬಂದಾಗ (ವಿನಯ್ ರೈ) ಕಪ್ಪು ಬಟ್ಟೆಯ ಮಾಮೂಲಿ ಖಳ ಅಷ್ಟೇ. ಶಿಬುವಿನ ಮುಂದೆ ನಿಲ್ಲಿಸಿದರೆ ಅವನ ನೆರಳೂ ಬೀಳುವುದಿಲ್ಲ.

ಆದರೆ ಈ ಸಿನಿಮಾವನ್ನು ಅಳೆಯುವ ಮಾಪನ ಬೇರೆ. ನಮ್ಮಮ್ಮನಿಗೆ ಸೂಪರ್‌ಹೀರೋ ಗೀಪರ್‌ಹೀರೋ ಅಂದರೆ ಆಗಲ್ಲ. ಟಿವಿಯಲ್ಲಿ ಹಾಕಿದಾಗ ಸೋಫಾದ ಮೇಲೆ ಕಾಲು ಮಡಚಿ ಕೂತು ಅವರೆಕಾಳು ಹಿಸುಕುತ್ತಾ ಅರ್ಧಮನಸ್ಸಿನಲ್ಲಿ ನೋಡುತ್ತಿದ್ದರು. ಕೊನೆಯಲ್ಲಿ ಆಂಜನೇಯ ಬರುವ ಸೂಚನೆ ಸಿಕ್ಕಿತು ನೋಡಿ, ಅವರೆಕಾಯಿ ತಟ್ಟೆ ಪಕ್ಕಕ್ಕೆ ಹೋಯಿತು. ಸೀರೆ ಸೆರಗಿಗೆ ಕೈ ಒರೆಸಿಕೊಂಡು ಸೋಫಾದಿಂದ ಇಳಿದು ನೆಲದ ಮೇಲೆ ಕೂತರು. ದೇವರು ಬಂದಾಗ ಮೇಲೆ ಕೂರಬಾರದು ಅಂತ. ಆ ಇಪ್ಪತ್ತು ನಿಮಿಷ ಅಮ್ಮ ಸಿನಿಮಾ ನೋಡಲಿಲ್ಲ, ದರ್ಶನ ಪಡೆದರು. ಇದನ್ನು ಮಾಡಬಲ್ಲ ಸಿನಿಮಾಕ್ಕೆ ಖಳ ಸಪ್ಪೆ ಅಂತ ಅಂಕ ಕಳೆಯಲು ನನಗೆ ಮನಸ್ಸು ಬರುವುದಿಲ್ಲ. ಮುಂದಿನ ಭಾಗ 'ಜೈ ಹನುಮಾನ್'ನಲ್ಲಿ ಹನುಮನಾಗಿ ನಮ್ಮ ರಿಷಬ್ ಶೆಟ್ಟಿ ಎಂದು 2024ರಲ್ಲೇ ಘೋಷಣೆಯಾಗಿದೆ. ಹಾಗಾಗಿ ಮೊದಲನೆಯದನ್ನು ನೋಡಿಟ್ಟುಕೊಳ್ಳಲು ನಮಗೆ ಇನ್ನೊಂದು ಕಾರಣವೂ ಇದೆ.

ಯಾರ ಜೊತೆ, ಯಾವ ಪರದೆಯಲ್ಲಿ

ಮನೆಯಲ್ಲಿ ಹಿರಿಯರಿದ್ದು ಎಲ್ಲರೂ ಒಟ್ಟಿಗೆ ನೋಡಬೇಕು ಅಂದರೆ ಯೋಚಿಸಲೇಬೇಡಿ, ಹನುಮಾನ್ ಹಾಕಿ. ಮಧ್ಯದಲ್ಲಿ ಯಾರಾದರೂ ಎದ್ದು ಕಾಫಿ ಮಾಡಲು ಹೋದರೂ ಕತೆ ತಪ್ಪುವುದಿಲ್ಲ. ಪರದೆ ಮಾತ್ರ ದೊಡ್ಡದಿರಲಿ. ಮೊಬೈಲಿನಲ್ಲಿ ಆ ಕೊನೆಯ ಭಾಗ ನೋಡುವುದೂ ಒಂದೇ, ತೇರನ್ನು ಕಿಟಕಿ ಸಂದಿಯಿಂದ ನೋಡುವುದೂ ಒಂದೇ.

ಏಳೆಂಟು ವರ್ಷದ ಮಕ್ಕಳಿಗೆ ಮಿನ್ನಲ್ ಮುರಳಿ. ಅಕ್ಕನ ಮಗ ಅದನ್ನು ನೋಡಿ ಮುಗಿಸಿದ್ದೇ ಸ್ನಾನದ ಟವೆಲ್ ಮುಖಕ್ಕೆ ಸುತ್ತಿಕೊಂಡು, ಅವರಪ್ಪನ ಪಂಚೆ ಎತ್ತಿ ಕಟ್ಟಿ, ಮಂಚದಿಂದ ದಿವಾನಕ್ಕೆ ಹಾರಿದ. ಒಂದು ವಾರ ಮನೆಯಲ್ಲಿ ಅವನ ಹೆಸರು ಮುರಳಿ. ಆದರೆ ದ್ವಿತೀಯಾರ್ಧದಲ್ಲಿ ಬೆಂಕಿ ಇದೆ, ಸಾವಿದೆ. ಪಕ್ಕದಲ್ಲಿ ಕೂತಿರಿ. ಅವನು "ಮಾಮ, ಶಿಬು ಕೆಟ್ಟವನಾ?" ಅಂತ ಕೇಳಿದ. ನಾನು ಉತ್ತರ ಹುಡುಕುತ್ತಿದ್ದಾಗ ಅವನೇ, "ಅವನ ಜೊತೆ ಯಾರೂ ಆಟ ಆಡಿಲ್ಲ, ಅದಕ್ಕೆ" ಅಂದ. ಆ ವಯಸ್ಸಿನ ಮಗುವಿನಿಂದ ಇಂಥ ಮಾತು ಹೊರಡಿಸುವ ಸಿನಿಮಾ ಮತ್ತೆ ಎಲ್ಲಿ ಸಿಗುತ್ತದೆ? ಇದು ನೆಟ್‌ಫ್ಲಿಕ್ಸ್‌ನಲ್ಲಿ ಕನ್ನಡದಲ್ಲೂ ಇದೆ, ಸಬ್‌ಟೈಟಲ್ ಓದಲಾಗದ ಮಕ್ಕಳಿಗೆ ಅದೇ ಸರಿ.

ಲೋಕಾವನ್ನು ಚಿಕ್ಕ ಮಕ್ಕಳಿಗೆ ತೋರಿಸಬೇಡಿ. ರಕ್ತ ಇದೆ, ಹೆಣ್ಣುಮಕ್ಕಳ ಮೇಲಿನ ಕ್ರೌರ್ಯ ಇದೆ, ಅಂಗಾಂಗ ಕಳ್ಳಸಾಗಣೆಯ ಜಾಲ ಇದೆ. ಹೈಸ್ಕೂಲ್ ದಾಟುತ್ತಿರುವ ಹೆಣ್ಣುಮಕ್ಕಳಿದ್ದರೆ ಜೊತೆಯಲ್ಲಿ ಕೂತು ಖಂಡಿತ ನೋಡಿ. ಅಕ್ಕನ ಮಗಳು, ಅವನಿಗಿಂತ ದೊಡ್ಡವಳು, ಮನೆಯಲ್ಲಿ ಎರಡನೇ ಸಲ ನೋಡುವಾಗ ನನ್ನ ಜೊತೆಗಿದ್ದಳು. ಇಡೀ ಸಿನಿಮಾ ತುಟಿ ಬಿಚ್ಚಲಿಲ್ಲ. ಮುಗಿದ ಮೇಲೆ ಹೇಳಿದ್ದು ಇಷ್ಟೇ: "ಅವಳು ಒಂದು ಸಲಾನೂ ಯಾರನ್ನೂ ಕಾಪಾಡಿ ಅಂತ ಕರೀಲಿಲ್ಲ ಅಲ್ವಾ ಮಾಮ?" ನಾನು ಎರಡು ಸಲ ನೋಡಿಯೂ ಗಮನಿಸಿರಲಿಲ್ಲ. ಸನ್ನಿಯ ಪಾತ್ರ ಅವಳಿಗೆ ಬಹಳ ಹಿಡಿಸಿತು. ಹುಡುಗಿಯ ಪಕ್ಕ ನಿಂತು, ಅವಳಿಗಿಂತ ಕಡಿಮೆ ಬಲದವನಾಗಿ, ಅದರಿಂದ ಮುಖ ಸಣ್ಣ ಮಾಡಿಕೊಳ್ಳದ ಹುಡುಗ ಅವನು. ನಸ್ಲೆನ್ ಅದನ್ನು ಎಷ್ಟು ಸಹಜವಾಗಿ ಮಾಡಿದ್ದಾರೆಂದರೆ ಅದರ ಹೊಸತನ ಕಣ್ಣಿಗೇ ಬೀಳುವುದಿಲ್ಲ.

ಲೋಕಾ ನೋಡುವ ಹೊತ್ತು ಮುಖ್ಯ. ಜಿಯೋಹಾಟ್‌ಸ್ಟಾರ್‌ಗೆ 2025ರ ಅಕ್ಟೋಬರ್ 31ರಂದು ಬಂತು. ಮಧ್ಯಾಹ್ನ ಹಾಲ್‌ನಲ್ಲಿ ಕಿಟಕಿ ತೆರೆದಿಟ್ಟು ನೋಡಿದ ಗೆಳೆಯನೊಬ್ಬ "ಏನೂ ಕಾಣಲ್ಲ, ಬರೀ ಕಪ್ಪು" ಅಂತ ದೂರಿದ. ಕಾಣದ್ದು ಸರಿಯೇ, ಟಿವಿಯ ಗಾಜಿನಲ್ಲಿ ಅವನ ಮನೆಯ ಕಿಟಕಿಯೇ ಕಾಣುತ್ತಿತ್ತು. ಊಟ ಮುಗಿಸಿ, ದೀಪ ಆರಿಸಿ, ಪರದೆ ಎಳೆದು ಹಾಕಿ. ಫೋನಿನಲ್ಲೇ ನೋಡುವುದಾದರೆ ಹೆಡ್‌ಫೋನ್ ಹಾಕಿಕೊಳ್ಳಿ, ಜೇಕ್ಸ್ ಬಿಜಾಯ್ ಮಾಡಿದ ಅರ್ಧ ಕೆಲಸ ಇರುವುದು ಕೆಳಗಿನ ಸ್ವರಗಳಲ್ಲಿ. ಭಾಷೆಯ ವಿಷಯದಲ್ಲಿ ನನ್ನ ಸಲಹೆ ಮೂಲ ಮಲಯಾಳಂ, ಸಬ್‌ಟೈಟಲ್ ಜೊತೆ. ಬೆಂಗಳೂರಿನ ಕತೆಯಾದ್ದರಿಂದ ಅದರಲ್ಲಿ ಭಾಷೆಗಳು ಬೆರೆಯುತ್ತವೆ, ಎಲ್ಲವನ್ನೂ ಒಂದೇ ಭಾಷೆಗೆ ಇಳಿಸಿದರೆ ಆ ಬೆರಕೆಯ ರುಚಿ ಹೋಗುತ್ತದೆ. ಹನುಮಾನ್ ಬಗ್ಗೆ ಈ ಚಿಂತೆ ಬೇಡ, ಯಾವ ಭಾಷೆಯಲ್ಲಿ ಸಿಕ್ಕರೂ ನೋಡಬಹುದು.

ಒಂದೇ ಸಂಜೆ ಇದೆ, ಒಬ್ಬರೇ ಇದ್ದೀರಿ, ದೊಡ್ಡವರು ಅಂದರೆ ಲೋಕಾ. ಮೂರು ವಾರ ಸಿಗುತ್ತದೆ ಅಂದರೆ ಹನುಮಾನ್, ಆಮೇಲೆ ಮಿನ್ನಲ್ ಮುರಳಿ, ಕೊನೆಗೆ ಲೋಕಾ. ಹಗಲಿನಿಂದ ಇರುಳಿಗೆ ಇಳಿಯುವ ಕ್ರಮ ಅದು. ಮುರಳಿಯನ್ನು ಲೋಕಾಗಿಂತ ಮುಂಚೆ ನೋಡಿ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಇದು ಲೋಕಾದ ಗುಟ್ಟು, ಬೇಡದವರು ಇಲ್ಲೇ ನಿಲ್ಲಿಸಿ. ಲೋಕಾದಲ್ಲಿ ಟೊವಿನೊ ಥಾಮಸ್ ಚಾತ್ತನ್ ಆಗಿ ಬರುತ್ತಾರೆ, ಮಲಯಾಳದ ಐತಿಹ್ಯಗಳ ಆ ಕಿಡಿಗೇಡಿ ಚಾತ್ತನ್. ಇದ್ದಷ್ಟು ಹೊತ್ತು ಅಲ್ಲೋಲಕಲ್ಲೋಲ ಮಾಡಿ ಹೋಗುತ್ತಾರೆ. ಎರಡನೇ ಅಧ್ಯಾಯ ಅವರದೇ ಅಂತ ಘೋಷಣೆಯೂ ಆಗಿದೆ. ಕುರುಕ್ಕನ್‌ಮೂಲದ ಆ ಟೈಲರ್ ಹುಡುಗನ ಪರಿಚಯ ಇದ್ದವರಿಗೆ ಈ ಪ್ರವೇಶ ಕೊಡುವ ಖುಷಿ ಬೇರೆ. ನಮ್ಮ ಥಿಯೇಟರಿನಲ್ಲಿ ನನ್ನ ಹಿಂದಿನ ಸಾಲಿನ ಹುಡುಗರು ಸೀಟಿನಿಂದ ಎದ್ದು "ಮುರಳೀ..." ಅಂತ ಕೂಗಿದರು. ಪಕ್ಕದಲ್ಲಿದ್ದ ವಯಸ್ಸಾದ ಮಲಯಾಳಿ ದಂಪತಿ ತಿರುಗಿ ನೋಡಿ ನಕ್ಕರು, ಆಮೇಲೆ ಆ ಅಜ್ಜಿಯೂ ಚಪ್ಪಾಳೆ ತಟ್ಟಿದರು.